ತಂಗಿಗೆ ಕಂಠ ಕೊಟ್ಟ ದೇವರು ನನಗೇನು ಕೊಟ್ಟ?

ಪ್ರಶ್ನೆ: ನಾನು ರಾಯಚೂರಿನವಳು, ವಯಸ್ಸು 37, ಬಿ.ಕಾಂ. ಓದಿದ್ದೇನೆ. ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಗಂಡ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಕ್ಕಿದ್ದಾರೆ, ಇಬ್ಬರು ಮಕ್ಕಳು, ಅತ್ತೆ ನಮ್ಮ ಜೊತೆಗೇ ಇದ್ದಾರೆ. ನಮ್ಮ ಚರ್ಚಿನಲ್ಲಿ ಪಾಸ್ಟರ್ “ದೇವರು ಎಲ್ಲರಿಗೂ ತಲಾಂತು (ಪ್ರತಿಭೆ) ಕೊಟ್ಟಿದ್ದಾನೆ, ಹೂತಿಡಬೇಡಿ” ಎಂದಾಗಲೆಲ್ಲ ನನಗೆ ಅಳು ಬರುತ್ತದೆ. ತಂಗಿ ಹಾಡಲು ನಿಂತರೆ ಜನ ಮೈಮರೆಯುತ್ತಾರೆ. ನನ್ನನ್ನು ಹದಿನಾರನೇ ವಯಸ್ಸಿಗೇ ಹಾಡುವ ತಂಡದಿಂದ ಬಿಡಿಸಿದರು. ಹೊಲಿಗೆ ಕಲಿತೆ, ಮೆಹಂದಿ ಕಲಿತೆ, ಹೋದ ವರ್ಷ ಕೇಕ್ ಕ್ಲಾಸಿಗೆ ಸೇರಿ ಕಂತಿನ ಮೇಲೆ ಓವನ್ ತಂದೆ. ಯಾವುದೂ ಮೂರು ತಿಂಗಳು ದಾಟಲಿಲ್ಲ. ಓವನ್ ಮೇಲೆ ಈಗ ಬಟ್ಟೆ ಹೊದಿಸಿಟ್ಟಿದ್ದೇನೆ. ಅಂಗಡಿಯಲ್ಲಿ ದಿನವಿಡೀ ರೈತರು ಮಾಲು ಮಾರಿದ ಲೆಕ್ಕದ ಪಟ್ಟಿ ಹಿಡಿದು ಬಂದು ತಲೆ ತಿನ್ನುತ್ತಾರೆ. ಬೇರೆ ಅಂಗಡಿಯ ಪಟ್ಟಿಯನ್ನೂ ನನ್ನ ಹತ್ತಿರವೇ ತರುತ್ತಾರೆ. ಮನೆಗೆ ಬಂದರೂ ಬಿಡುವಿಲ್ಲ. ಮೊನ್ನೆ ಪಕ್ಕದ ಮನೆಯಾಕೆಗೆ ಫೈನಾನ್ಸ್ ಸಾಲದ ಬಡ್ಡಿ ಹೇಗೆ ಬೀಳುತ್ತದೆ ಎಂದು ಹನ್ನೆರಡು ಹುಣಸೆ ಬೀಜ ಇಟ್ಟು, ತಿಂಗಳಿಗೊಂದು ತೆಗೆದು ತೋರಿಸುತ್ತ ಕೂತೆ, ಅನ್ನ ಸೀದುಹೋಗಿ ಅತ್ತೆಯ ಕೈಯಲ್ಲಿ ಬೈಸಿಕೊಂಡೆ. ನನ್ನ ತಲಾಂತು ಯಾವುದು? ಹುಡುಕಲು ತಡವಾಯಿತೇ? ಕೆಲಸ ಬಿಟ್ಟು ಏನಾದರೂ ಕಲಿಯಲೇ? ಓವನ್ ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಪೆನ್ನು ಹಿಡಿದು ಒಂದು ಸಾಲಿನ ಕೆಳಗೆ ಗೆರೆ ಎಳೆದೆ. ಹುಣಸೆ ಬೀಜದ ಸಾಲು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮನ್ನು ಅಳಿಸುತ್ತಿರುವ ಆ ಪದದ ಲೆಕ್ಕ ಮಾಡೋಣ. ನೀವು ಲೆಕ್ಕದವರು, ನಿಮಗೆ ಬೇಗ ಹಿಡಿಯುತ್ತದೆ.

ನಾನು ನಿಮ್ಮ ಚರ್ಚಿನವಳಲ್ಲ. ಮನೋವಿಜ್ಞಾನ ಪಾಠ ಮಾಡಿ, ಆಮೇಲೆ ಬಳ್ಳಾರಿಯಲ್ಲಿ ಆಪ್ತಸಮಾಲೋಚನೆಗೆ ಕೂತವಳು. ಆದರೆ ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವ ತಲಾಂತಿನ ಆ ಸಾಮತಿ, ಆ ದೃಷ್ಟಾಂತ ಕಥೆ, ನನಗೆ ಬಹಳ ಇಷ್ಟ. ಊರು ಬಿಟ್ಟು ಹೊರಟ ಯಜಮಾನ ಮೂವರು ಆಳುಗಳ ಕೈಗೆ ಐದು, ಎರಡು, ಒಂದು ತಲಾಂತು ಕೊಟ್ಟು ಹೋಗುತ್ತಾನೆ. ಮೊದಲಿಬ್ಬರು ಅದನ್ನು ಎರಡರಷ್ಟು ಮಾಡುತ್ತಾರೆ, ಮೂರನೆಯವನು ಹೂತಿಡುತ್ತಾನೆ. ತಲಾಂತು ಎಂಬುದು ಮೂಲದಲ್ಲಿ ತೂಕದ ಹೆಸರು, ಬೆಳ್ಳಿ ತೂಗುವ ಅಳತೆ. ಒಂದು ತಲಾಂತಿಗೆ 6,000 ದೆನಾರಿ ನಾಣ್ಯ. ಅದೇ ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿ ತೋಟದ ಕೂಲಿಯವರ ಕಥೆಯೂ ಇದೆ, ಅಲ್ಲಿ ಒಂದು ದಿನದ ಕೂಲಿ ಒಂದು ದೆನಾರಿ. ವರ್ಷಕ್ಕೆ 300 ದಿನ ಕೆಲಸ ಸಿಕ್ಕಿತು ಅಂತ ಹಿಡಿಯಿರಿ. ಒಂದು ತಲಾಂತು ಅಂದರೆ ಇಪ್ಪತ್ತು ವರ್ಷದ ದುಡಿಮೆ! ಐದು ಸಿಕ್ಕವನನ್ನು, ಎರಡು ಸಿಕ್ಕವನನ್ನು ನೋಡಿ, ಒಂದೇ ಸಿಕ್ಕವನು ಪಾಪ ಬಡವ ಎಂದು ನಾವು ಓದಿಕೊಳ್ಳುತ್ತೇವೆ. ಅವನ ಕೈಗೆ ಬಂದದ್ದು ಒಬ್ಬ ಕೂಲಿಯವ ಅರ್ಧ ಆಯುಷ್ಯ ದುಡಿದರೂ ಕಾಣದಷ್ಟು ಬೆಳ್ಳಿ. ಅವನು ಅದನ್ನು ಮಣ್ಣಲ್ಲಿ ಹೂತದ್ದು ಹೆದರಿಕೆಯಿಂದ, ಅವನೇ ಹಾಗೆ ಹೇಳುತ್ತಾನೆ.

ಇನ್ನೊಂದು ಮಾತು. ಇಪ್ಪತ್ತೈದನೇ ಅಧ್ಯಾಯ ತೆಗೆದು, ಐದಕ್ಕೆ ಐದು ಗಳಿಸಿದವನಿಗೆ ಯಜಮಾನ ಹೇಳುವ ಮಾತನ್ನೂ ಎರಡಕ್ಕೆ ಎರಡು ಗಳಿಸಿದವನಿಗೆ ಹೇಳುವ ಮಾತನ್ನೂ ಪಕ್ಕಪಕ್ಕ ಇಟ್ಟು ಓದಿ. ಪದಕ್ಕೆ ಪದ ಒಂದೇ. ನಿಮ್ಮ ತಂಗಿಯ ಜೊತೆ ನಿಮ್ಮನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿರುವವರು ಯಾರು ಎಂದು ನೀವೇ ಯೋಚಿಸಿ. ಆ ಕಥೆಯ ಯಜಮಾನನಂತೂ ತೂಗಲಿಲ್ಲ.

ಈಗ ಹುಣಸೆ ಬೀಜ.

ನಿಮ್ಮ ಪಕ್ಕದ ಮನೆಯಾಕೆಯ ಸಾಲ ಎಷ್ಟೆಂದು ನೀವು ಬರೆದಿಲ್ಲ. ಓದುವ ಉಳಿದವರಿಗೂ ಗೊತ್ತಾಗಲಿ ಎಂದು ಒಂದು ಲೆಕ್ಕ ಹಿಡಿಯುತ್ತೇನೆ. 10,000 ರೂಪಾಯಿ ಸಾಲ, ನೂರಕ್ಕೆ ವರ್ಷಕ್ಕೆ 12 ಬಡ್ಡಿ, ಹನ್ನೆರಡು ಕಂತು. ಕೊಡುವವರು ನೇರವಾಗಿ 1,200 ಬಡ್ಡಿ ಸೇರಿಸಿ ಹನ್ನೆರಡರಿಂದ ಭಾಗಿಸಿಬಿಡುತ್ತಾರೆ. ತೊಗೊಂಡವರಿಗೂ ಸರಿಯೇ ಅನಿಸುತ್ತದೆ, ನೂರಕ್ಕೆ ಹನ್ನೆರಡಾದರೆ ಹತ್ತು ಸಾವಿರಕ್ಕೆ ಸಾವಿರದ ಇನ್ನೂರು. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತ ಹೋಗುತ್ತದಲ್ಲ? ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಹನ್ನೆರಡು ತಿಂಗಳಿಗೆ ಬೀಳುವುದು ಹೆಚ್ಚುಕಡಿಮೆ 662 ರೂಪಾಯಿ. ಬಾಯಲ್ಲಿ ಹನ್ನೆರಡು ಎಂದು ಹೇಳಿದ ಬಡ್ಡಿ ನಿಜದಲ್ಲಿ ಇಪ್ಪತ್ತೊಂದನ್ನು ದಾಟಿರುತ್ತದೆ.

ಇದನ್ನು ಡಿಗ್ರಿ ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಸೂತ್ರ ಬರೆದು ಹೇಳಿದರೂ ಅರ್ಧಕ್ಕರ್ಧ ಮಂದಿಗೆ ತಲೆಗೆ ಹೋಗುವುದಿಲ್ಲ. ನೀವು ಅಡುಗೆಮನೆಯಲ್ಲಿ ಕೂತು ಹನ್ನೆರಡು ಬೀಜ ಸಾಲಾಗಿ ಇಟ್ಟಿರಿ. ಒಂದು ತಿಂಗಳಾಯಿತು, ಒಂದು ಬೀಜ ತೆಗೆದಿರಿ. ಇನ್ನೊಂದು ತಿಂಗಳು, ಇನ್ನೊಂದು ಬೀಜ. ನೆಲದ ಮೇಲೆ ಉಳಿದದ್ದು ಮೂರೋ ನಾಲ್ಕೋ ಬೀಜ, ಬಡ್ಡಿ ಮಾತ್ರ ಇನ್ನೂ ಹನ್ನೆರಡಕ್ಕೂ. ಓದು ಬರಹ ಬಾರದ ಹೆಂಗಸಿಗೆ ಆ ಲೆಕ್ಕ ಕಣ್ಣಿಗೆ ಕಂಡಿತು. ಹೀಗೆ ತೋರಿಸಬೇಕೆಂದು ನಿಮಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನಿಮ್ಮ ಕೈ ತಾನಾಗಿ ಹುಣಸೆ ಬೀಜದ ಡಬ್ಬಿಗೆ ಹೋಯಿತು. ಅನ್ನ ಸೀಯುವ ವಾಸನೆಯೂ ಬರದಷ್ಟು ಮೈಮರೆತಿರಿ. ತಂಗಿಯ ಹಾಡಿಗೆ ಜನ ಮೈಮರೆಯುತ್ತಾರೆ ಎಂದು ಬರೆದಿರಿ, ನೀವು ಯಾವುದರಲ್ಲಿ ಮೈಮರೆತಿರಿ ಎಂಬುದು ಅದೇ ಪತ್ರದಲ್ಲಿದೆ, ಆದರೆ ತಪ್ಪೊಪ್ಪಿಗೆಯ ಹಾಗೆ.

ಆ ರೈತರ ಮಾತೂ ಹಾಗೆಯೇ. ಹತ್ತಿ ಮಾರಿ ಪಟ್ಟಿ ಹಿಡಿದವನು ಎಷ್ಟೋ ಅಂಗಡಿ ದಾಟಿಕೊಂಡು, ಬೇರೆಯವರು ಬರೆದ ಪಟ್ಟಿಯನ್ನು ನಿಮ್ಮ ಹತ್ತಿರ ತಂದು “ಅಕ್ಕಾರ, ಇದ್ರಾಗ ಏನೇನ್ ಕಡದಾರ ಒಂದೀಟು ನೋಡ್ರಿ” ಅನ್ನುತ್ತಾನೆ. ಮಾರುಕಟ್ಟೆಯಲ್ಲಿ ಲೆಕ್ಕ ಬಲ್ಲವರಿಗೆ ಬರವೇ? ಅವನಿಗೆ ನಿಮ್ಮ ಹತ್ತಿರ ಕೇಳಲು ನಾಚಿಕೆಯಾಗುವುದಿಲ್ಲ, ಹೇಳಿದ್ದು ತಿಳಿಯುತ್ತದೆ, ಮೋಸ ಇಲ್ಲ ಎಂಬ ನಂಬಿಕೆ ಇದೆ. ಈ ಮೂರೂ ಒಂದೇ ಕಡೆ ಸಿಗುವುದು ಅಪರೂಪ. ನಿಮ್ಮ ತಲಾಂತು ಯಾವುದು ಎಂದು ಕೇಳಿದಿರಿ. ನನ್ನ ಅಭಿಪ್ರಾಯದಲ್ಲಿ ಇದೇ. ಬರೀ ಲೆಕ್ಕ ಎನ್ನುತ್ತಿಲ್ಲ ನಾನು. ಲೆಕ್ಕಕ್ಕೆ ಹೆದರುವವರ ಮುಂದೆ ಅದನ್ನು ಬಿಡಿಸಿಟ್ಟು, ಅವರ ಹೆದರಿಕೆ ಬಿಡಿಸುವುದು.

ಇಷ್ಟು ಎದುರಿಗೇ ಇರುವುದು ನಿಮಗೇಕೆ ಕಾಣಲಿಲ್ಲ? ಸಲೀಸಾಗಿ ಬರುವುದಕ್ಕೆ ನಾವು ಬೆಲೆ ಕಟ್ಟುವುದಿಲ್ಲ, ಅದಕ್ಕೆ. ಕೆಲವು ವರ್ಷಗಳ ಹಿಂದೆ ಕೌಲ್ ಬಜಾರಿನ ಕಡೆಯ ಒಬ್ಬ ತಾಯಿ ಹದಿನೆಂಟರ ಮಗನನ್ನು ನನ್ನ ಹತ್ತಿರ ಕರೆತಂದಿದ್ದಳು. ಜೀನ್ಸ್ ಹೊಲಿಯುವ ಮನೆ. “ಎಸ್ಸೆಸ್ಸೆಲ್ಸಿ ಎರಡ್ ಸಲ ಡುಮ್ಕಿ ಹೊಡ್ದಾನೆ ಮೇಡಂ, ಯಾವ್ದಕ್ಕೂ ಬರಲ್ಲ ಇವ್ನು” ಅಂದಳು. ಹುಡುಗ ತಲೆ ತಗ್ಗಿಸಿ ಕೂತಿದ್ದ. ನನ್ನ ಕೋಣೆಯ ಗೋಡೆಯಾಚೆಗೂ ಯಾರದೋ ಹೊಲಿಗೆ ಮೆಶಿನ್ ಓಡುತ್ತಿತ್ತು. ನಾನು ಕೇಳಿದ ನಾಲ್ಕು ಪ್ರಶ್ನೆಗೆ ಬಾಯಿಬಿಡದವನು ಇದ್ದಕ್ಕಿದ್ದಂತೆ ತಲೆ ಎತ್ತಿದ. “ಮೇಡಂ, ಆ ಮೆಶಿನ್ದು ಟೈಮಿಂಗ್ ತಪ್ಪೈತೆ. ಈಗ ಸೂಜಿ ಮುರಿತೈತೆ ನೋಡ್ರಿ.” ಸೂಜಿ ಕೆಳಗಿಳಿದು ದಾರದ ಕುಣಿಕೆ ಮಾಡುವುದಕ್ಕೂ ಕೆಳಗಿನ ಹುಕ್ ಬಂದು ಅದನ್ನು ಹಿಡಿಯುವುದಕ್ಕೂ ಗಳಿಗೆ ಕೂಡಬೇಕಂತೆ. ಕೂಡದಿದ್ದರೆ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ, ಕಡೆಗೆ ಸೂಜಿ ಹುಕ್ಕಿಗೆ ಬಡಿದು ಮುರಿಯುತ್ತದೆ. ಇಷ್ಟನ್ನು ಅವನು ಗೋಡೆಯಾಚೆಯ ಸದ್ದಿನಲ್ಲೇ ಕೇಳಿಸಿಕೊಂಡಿದ್ದ. ಐದು ನಿಮಿಷಕ್ಕೆ ಆಚೆ ಮನೆಯಲ್ಲಿ ಮೆಶಿನ್ ನಿಂತು ಯಾರೋ ಬೈದುಕೊಂಡದ್ದು ನಮಗೂ ಕೇಳಿಸಿತು. ತಾಯಿ ಅಂದದ್ದು: “ಅದೇನ್ ವಿದ್ಯೆ ಬಿಡ್ರಿ ಮೇಡಂ, ಮನ್ಯಾಗ ಮೂರು ಮೆಶಿನ್ ಅದಾವೆ, ಕೇಳಿ ಕೇಳಿ ರೂಢಿ.” ಆ ಹುಡುಗ ಈಗ ಮೆಶಿನ್ ರಿಪೇರಿಯಲ್ಲೇ ಮನೆ ನಡೆಸುತ್ತಿದ್ದಾನೆ.

ಆ ತಾಯಿಯ ಮಾತಿನಲ್ಲಿ ಅರ್ಧ ನಿಜವೂ ಇದೆ. ಕೇಳಿ ಕೇಳಿ ರೂಢಿ ಆಗಲೇಬೇಕು. ಸಂಡೂರು ತಾಲೂಕಿನ ದರೋಜಿಯ ಈರಮ್ಮನವರ ಹೆಸರು ಕೇಳಿರುತ್ತೀರಿ. ಅಕ್ಷರ ಕಲಿಯದ ಆ ತಾಯಿ ಹನ್ನೆರಡು ಜನಪದ ಮಹಾಕಾವ್ಯಗಳನ್ನು ನೆನಪಿನಿಂದಲೇ ಬುರ್ರಕಥೆಯಾಗಿ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು, 2014ರಲ್ಲಿ ತೀರಿಕೊಂಡರು. ಅಂಥ ನೆನಪಿನ ಶಕ್ತಿ ದೇವರು ಕೊಟ್ಟದ್ದೇ, ನಾನು ಕೈಮುಗಿದು ಒಪ್ಪುತ್ತೇನೆ. ಆದರೆ ಅವರು ಹುಟ್ಟಿದ್ದು ಊರೂರು ತಿರುಗಿ ಕಥೆ ಹೇಳುವ ಮನೆತನದಲ್ಲಿ, ಎಳವೆಯಲ್ಲೇ ತಂದೆಯಿಂದ ಕಲಿತವರು. ಬೀಜದ ಜೊತೆಗೆ ನೆಲವೂ ಸಿಕ್ಕಿತ್ತು. ನಿಮಗೆ ಹನ್ನೊಂದು ವರ್ಷದ ಎಪಿಎಂಸಿ ಅಂಗಳ ಅಂಥದೇ ನೆಲ. ಅದನ್ನು ಬಿಟ್ಟು ಬೇರೆಲ್ಲೋ ಹೋಗಿ ಬಿತ್ತುವ ಮಾತಾಡುತ್ತಿದ್ದೀರಿ.

ಹದಿನಾರನೇ ವಯಸ್ಸಿನಲ್ಲಿ ತಂಡದಿಂದ ಬಿಡಿಸಿದ ಮಾತು. ಅದು ಇಪ್ಪತ್ತೊಂದು ವರ್ಷವಾದರೂ ನಿಮ್ಮೊಳಗೆ ಮಾಯದೆ ಉಳಿದಿದೆ, ಪತ್ರದಲ್ಲಿ ಗೊತ್ತಾಗುತ್ತದೆ. 1980ರ ದಶಕದಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞರು ಹೆಸರು ಮಾಡಿದ 120 ಮಂದಿಯ ಬಾಲ್ಯವನ್ನು ಕೆದಕಿ ನೋಡಿದರು. ಪಿಯಾನೊ ನುಡಿಸುವವರು, ಶಿಲ್ಪಿಗಳು, ಈಜುಗಾರರು, ಟೆನಿಸ್ ಆಟಗಾರರು, ಗಣಿತಜ್ಞರು, ನರವಿಜ್ಞಾನಿಗಳು. ಅವರಲ್ಲಿ ಬಹುಪಾಲು ಮಂದಿ ಚಿಕ್ಕಂದಿನಲ್ಲಿ “ಇವನು ಮುಂದೆ ಏನೋ ಆಗುತ್ತಾನೆ” ಎಂದು ಯಾರ ಕಣ್ಣಿಗೂ ಬಿದ್ದವರಲ್ಲ. ಮೊದಲ ಗುರುಗಳೂ ದೊಡ್ಡ ವಿದ್ವಾಂಸರಾಗಿರಲಿಲ್ಲ. ಅಕ್ಕರೆಯಿಂದ, ಆಟದ ಹಾಗೆ ಕಲಿಸುವ ನೆರೆಹೊರೆಯ ಯಾರೋ ಆಗಿದ್ದರು. ನಿಮ್ಮ ಹಾಡಿಗೆ ಆ ಅಕ್ಕರೆ ಸಿಗಲಿಲ್ಲ. ಸಿಕ್ಕಿದ್ದರೆ ನೀವು ತಂಗಿಯಷ್ಟೇ ಹಾಡುತ್ತಿದ್ದಿರಿ ಎಂದು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಆ ದಿನ ಅವರು ತೀರ್ಪು ಕೊಟ್ಟದ್ದು ನಿಮ್ಮ ಸ್ವರಕ್ಕೆ. ಅದನ್ನು ನೀವು ಇಡೀ ನಿಮಗೇ ಹಚ್ಚಿಕೊಂಡಿರಿ. ಮನೆಯಲ್ಲಿ ಖುಷಿಗೆ ಹಾಡಿ, ಯಾರೂ ಬೇಡ ಅನ್ನುವುದಿಲ್ಲ. ಒಂದು ಕುತೂಹಲ ನನಗೆ: ಲೆಕ್ಕವನ್ನು ನಿಮಗೆ ಮೊದಲು ಅಕ್ಕರೆಯಿಂದ ಹೇಳಿಕೊಟ್ಟವರು ಯಾರು? ಅಪ್ಪನೋ, ಅಜ್ಜನೋ, ಯಾವ ಟೀಚರೋ? ನೆನಪು ಮಾಡಿಕೊಂಡು ಬರೆಯಿರಿ.

ಹೊಲಿಗೆ, ಮೆಹಂದಿ, ಕೇಕ್ ಮೂರು ತಿಂಗಳಿಗೇ ನಿಂತವಲ್ಲ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ಕಾರಣ ಇರಬಹುದು. 2018ರಲ್ಲಿ ಮೂವರು ಮನೋವಿಜ್ಞಾನಿಗಳು (ಓಕೀಫ್, ಡ್ವೆಕ್, ವಾಲ್ಟನ್) ಕೆಲವು ಪ್ರಯೋಗ ಪ್ರಕಟಿಸಿದರು. ಒಂದರಲ್ಲಿ ವಿದ್ಯಾರ್ಥಿಗಳಿಗೆ ಕಪ್ಪು ರಂಧ್ರಗಳ ಬಗ್ಗೆ ರಂಜನೆಯ ವಿಡಿಯೊ ತೋರಿಸಿದರು, ಎಲ್ಲರಿಗೂ ಬಹಳ ಹಿಡಿಸಿತು. ಆಮೇಲೆ ಅದೇ ವಿಷಯದ ಕಷ್ಟದ ಲೇಖನ ಓದಲು ಕೊಟ್ಟರು. ಆಸಕ್ತಿ ಅನ್ನುವುದು ಒಳಗೆ ಸಿದ್ಧವಾಗಿ ಕೂತಿರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ನಂಬಿದವರ ಉತ್ಸಾಹ ಹೆಚ್ಚು ಇಳಿಯಿತು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಎಂದು ತಿಳಿದವರ ಉತ್ಸಾಹ ಅಷ್ಟು ಇಳಿಯಲಿಲ್ಲ. ನಿಮ್ಮ ಪತ್ರದಲ್ಲಿ “ಹುಡುಕಲು” ಎಂಬ ಮಾತು ಬಂದಿದೆ, ಅದಕ್ಕೇ ಇದನ್ನು ಹೇಳಿದೆ.

ಕೇಕ್ ಬಿಟ್ಟದ್ದು ಕ್ರೀಮ್ ಸರಿಯಾಗಿ ನಿಲ್ಲಲಿಲ್ಲ, ಸೋತೆ, ಅವಮಾನವಾಯಿತು ಎಂಬ ಕಾರಣಕ್ಕಾದರೆ ಅದು ಕಷ್ಟದ ಭಯ. ಕ್ರೀಮ್ ಚೆನ್ನಾಗಿಯೇ ನಿಂತಿತು, ಆದರೂ ನಾಳೆ ಮತ್ತೆ ಇದನ್ನೇ ಮಾಡಬೇಕಲ್ಲ ಎಂದು ಮನಸ್ಸು ಭಾರವಾಯಿತು ಅಂತಾದರೆ ಅದು ನಿಮ್ಮ ದಾರಿಯಲ್ಲ, ಬಿಟ್ಟದ್ದಕ್ಕೆ ನಾಚಬೇಕಿಲ್ಲ. ಮೊದಲನೆಯದು ಲೆಕ್ಕ ಕಲಿಸುವಾಗಲೂ ಎದುರಾಗುತ್ತದೆ, ಆಗ ಓಡಬೇಡಿ. ನನಗೆ ಅನಿಸುವ ಮಟ್ಟಿಗೆ, ಈ ಮೂರನ್ನೂ ನೀವು ಆರಿಸಿದ್ದು “ಹೆಂಗಸರು ಮನೆಯಲ್ಲೇ ಮಾಡಬಹುದಾದ ಕೆಲಸ” ಎಂದು ಬೇರೆಯವರು ಬರೆದಿಟ್ಟ ಪಟ್ಟಿಯಿಂದ. ರೈತರ ಪಟ್ಟಿಯನ್ನು ಅಷ್ಟು ಜಾಗ್ರತೆಯಿಂದ ಓದುವವರು, ಈ ಪಟ್ಟಿಯನ್ನು ಯಾರು ಬರೆದರು ಎಂದು ಕೇಳಲೇ ಇಲ್ಲ.

ಕೆಲಸ ಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕೆಲಸ ಬಿಟ್ಟು ಮನಸ್ಸಿನ ಹಿಂದೆ ಹೋದವರ ಕಥೆ ನಮಗೆ ಬಹಳ ರುಚಿಸುತ್ತದೆ. ನಿಮ್ಮ ಊರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು ಇಂಗ್ಲಿಷ್ ಪ್ರಾಧ್ಯಾಪಕ ವೃತ್ತಿ ಬಿಟ್ಟು ಸರೋದ್ ಹಿಡಿದು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಜಗತ್ತಿಗೇ ಹೆಸರಾದರು. ಆ ಕಥೆ ಹೇಳುವವರು ಒಂದನ್ನು ಬಿಟ್ಟುಬಿಡುತ್ತಾರೆ: ತಂದೆಯೇ ಸಂಗೀತ ಬಲ್ಲವರು, ಮಗ ಬಾಲ್ಯದಲ್ಲೇ ಹಾಡುಗಾರಿಕೆ ಕಲಿತು ಕಛೇರಿ ಕೊಟ್ಟವರು. ಸಂಗೀತ ಆಗಲೇ ಅವರ ಮನೆಯಲ್ಲಿತ್ತು, ಆಮೇಲೆ ನೌಕರಿ ಹೋಯಿತು. ನಿಮ್ಮ ಸಂಬಳದಲ್ಲಿ ಇಬ್ಬರು ಮಕ್ಕಳ ಫೀಸು ನಡೆಯುತ್ತಿದೆ. ಅಷ್ಟೇ ಅಲ್ಲ, ಆ ಅಂಗಡಿಯೇ ನಿಮ್ಮ ವಿದ್ಯೆಯ ಗರಡಿ. ಅಲ್ಲೇ ಇರಿ.

ಮಾಡಬೇಕಾದದ್ದು ಇಷ್ಟು. ಆರು ಭಾನುವಾರ ತೊಗೊಳ್ಳಿ. ಚರ್ಚು ಮುಗಿದ ಮೇಲೆ ಅರ್ಧ ತಾಸು, ನಿಮ್ಮ ಮನೆ ಕಟ್ಟೆಯ ಮೇಲೋ ಚರ್ಚಿನ ಹಿಂದಿನ ನೆರಳಲ್ಲೋ, ನಾಲ್ಕೈದು ಹೆಂಗಸರು ಸಾಕು. ಪಕ್ಕದ ಮನೆಯಾಕೆ ಒಬ್ಬರು ಆದರು, ಸ್ವಸಹಾಯ ಸಂಘದವರು ಇಬ್ಬರು ಸಿಕ್ಕೇ ಸಿಗುತ್ತಾರೆ. ಒಂದು ಭಾನುವಾರ ಒಂದೇ ವಿಷಯ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಜಮಾ ಯಾವುದು ಖರ್ಚು ಯಾವುದು. ಸಂಘದ ಸಾಲದ ಪುಸ್ತಕದಲ್ಲಿ ಅಸಲು ಎಷ್ಟು, ಬಡ್ಡಿ ಎಷ್ಟು. ಹತ್ತಿಯ ಪಟ್ಟಿಯಲ್ಲಿ ತೂಕ, ದರ, ಹಮಾಲಿ, ಮುಂಗಡದ ವಜಾ. ಹುಣಸೆ ಬೀಜದ ಪಾಠ ಮೂರನೇ ವಾರಕ್ಕಿರಲಿ, ಅಷ್ಟು ಹೊತ್ತಿಗೆ ಅವರಿಗೂ ನಿಮಗೂ ಧೈರ್ಯ ಬಂದಿರುತ್ತದೆ. ಯಾರಿಗೂ “ಕ್ಲಾಸ್” ಎಂದು ಹೇಳಬೇಡಿ, ಬೋರ್ಡು ಹಾಕಬೇಡಿ. ಅಂಗಡಿ ಯಜಮಾನರ ಕಿವಿಗೆ ಮೊದಲೇ ಒಂದು ಮಾತು ಹಾಕಿ. ಅವರ ಗಿರಾಕಿಗಳ ಲೆಕ್ಕವನ್ನು ಹೆಸರು ಹೇಳಿ ಹೊರಗೆ ಉದಾಹರಣೆ ಕೊಡಬೇಡಿ, ಅದು ನಿಮ್ಮ ಮೇಲಿನ ನಂಬಿಕೆಯ ಪ್ರಶ್ನೆ. ಸಾಲ ಕೊಟ್ಟವರ ಜೊತೆ ಜಗಳಕ್ಕೂ ಇಳಿಯಬೇಡಿ. ಲೆಕ್ಕ ತಿಳಿದ ಹೆಂಗಸು ತಾನೇ ಹೋಗಿ ಕೇಳಲಿ.

ಆ ಆರು ವಾರ ಒಂದು ಸಣ್ಣ ನೋಟ್‌ಬುಕ್ ಇಡಿ. ಪಾಠ ಮುಗಿದ ರಾತ್ರಿ ಎರಡೇ ಸಾಲು: ಇವತ್ತು ಯಾವ ಗಳಿಗೆಯಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ, ಯಾವ ಗಳಿಗೆಯಲ್ಲಿ ಗಡಿಯಾರ ನೋಡಿದೆ. ಲೆಕ್ಕದ ಜೊತೆಗಿನ ಹೊತ್ತು ಹಗುರವೋ, ಜನರ ಜೊತೆಗಿನದೋ, ಹೊಸ ಉಪಾಯ ಹುಡುಕುವುದೋ, ಆರು ವಾರಕ್ಕೆ ಅದೇ ಹೇಳುತ್ತದೆ. ಸಂಘಗಳ ಲೆಕ್ಕ ಬರೆದುಕೊಡುವ ಕೆಲಸ, ಹೆಣ್ಣುಮಕ್ಕಳಿಗೆ ಕಾಮರ್ಸ್ ಟ್ಯೂಷನ್, ಊರೂರಿಗೆ ಹೋಗಿ ಹಣಕಾಸಿನ ತಿಳಿವಳಿಕೆ ಕೊಡುವುದು, ಮುಂದಿನ ದಾರಿ ಯಾವುದೂ ಆಗಬಹುದು. ಆ ನೋಟ್‌ಬುಕ್ ಇಲ್ಲದೆ ಈಗಲೇ ಆರಿಸಿದರೆ ಅದು ಇನ್ನೊಂದು ಕೇಕ್ ಕ್ಲಾಸ್ ಆಗುತ್ತದೆ.

ದುಡ್ಡು ತೊಗೊಳ್ಳಬೇಕೇ ಎಂಬ ಪ್ರಶ್ನೆ ನಾಲ್ಕನೇ ವಾರಕ್ಕೆ ಬಂದೇ ಬರುತ್ತದೆ. ದೇವರು ಕೊಟ್ಟದ್ದನ್ನು ಮಾರಬಾರದು ಎಂದು ಒಬ್ಬರು, ಪುಕ್ಕಟೆ ಕೊಟ್ಟರೆ ಬೆಲೆ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ನಿಮ್ಮ ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮಗೂ ಗೊತ್ತಿರಬಹುದು. ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಬಿದ್ದ ಅಕ್ಕಿ ಆಯುವುದನ್ನು ಇವತ್ತು ಯಾರೂ ಪ್ರತಿಭೆ ಅನ್ನಲಾರರು, ಆದರೂ “ಕಾಯಕವೇ ಕೈಲಾಸ” ಎಂದು ಈ ನಾಡು ಇವತ್ತಿಗೂ ಆಡುವ ದೊಡ್ಡ ಮಾತು ಆ ಮಾರಯ್ಯನ ವಚನದಿಂದ ಬಂದದ್ದು. ಲಕ್ಕಮ್ಮ ಅಕ್ಕಿ ಪೂರ್ತಿ ಬೇಡ ಎನ್ನಲಿಲ್ಲ, ಆ ದಿನಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡಳು. ಸಂಘದ ಲೆಕ್ಕ ತಿಂಗಳಿಡೀ ಬರೆಯುವುದಾದರೆ ನ್ಯಾಯವಾದ ಸಂಬಳ ಕೇಳಿ, ಸಂಕೋಚ ಬೇಡ. ಪಟ್ಟಿ ಓದಿಸಿಕೊಂಡು ಹೋಗುವ ಅಜ್ಜನ ಹತ್ತಿರ ಕೇಳಬೇಡಿ.

ಅತ್ತೆ ಬೈದದ್ದರಲ್ಲಿ ತಪ್ಪಿಲ್ಲ, ಅನ್ನ ಸೀದಿತ್ತು. ದಿನದ ಯಾವ ಹೊತ್ತಿಗಾದರೂ ಯಾರಾದರೂ ಬಂದು ಕೂರುವಂತಾದರೆ ಆರು ತಿಂಗಳಲ್ಲಿ ನಿಮಗೇ ಲೆಕ್ಕದ ಮೇಲೆ ಸಿಟ್ಟು ಬರುತ್ತದೆ. “ತಲೆ ತಿನ್ನುತ್ತಾರೆ” ಎಂಬ ಮಾತಿನಲ್ಲಿ ಆ ಸಿಟ್ಟು ಆಗಲೇ ಶುರುವಾಗಿದೆ. ಒಂದು ಹೊತ್ತು ಗೊತ್ತು ಮಾಡಿ, ಉಳಿದ ಹೊತ್ತು “ಭಾನುವಾರ ಬರ್ರಿ” ಎನ್ನಿ. ಮೊದಲ ಭಾನುವಾರ ಅತ್ತೆಯವರನ್ನೂ ಕೂರಿಸಿಕೊಳ್ಳಿ, ಅವರ ಪೆನ್ಷನ್ ಪಾಸ್‌ಬುಕ್ಕಿನಿಂದಲೇ ಪಾಠ ಶುರುವಾಗಲಿ.

ವಯಸ್ಸಿನ ಮಾತಿಗೆ ಹೆಚ್ಚು ಹೇಳುವುದಿಲ್ಲ. ಇಪ್ಪತ್ತಾರರಲ್ಲಿ ನಿಮಗೆ ಈ ಹನ್ನೊಂದು ವರ್ಷದ ಪಟ್ಟಿಗಳು ಗೊತ್ತಿರಲಿಲ್ಲ.

ಒಂದನ್ನು ಮಾತ್ರ ಗಂಭೀರವಾಗಿ ಕೇಳುತ್ತೇನೆ. ಆ ಅಳು ಚರ್ಚಿನಲ್ಲಿ ಮಾತ್ರ ಬರುತ್ತದೆಯೇ? ಎರಡು ವಾರ ದಾಟಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ನಾನು ಯಾವುದಕ್ಕೂ ಬಾರದವಳು ಎಂಬ ಮಾತು ತಲೆಯಲ್ಲಿ ದಿನವಿಡೀ ಸುತ್ತುತ್ತಿದ್ದರೆ ಅದು ತಲಾಂತಿನ ಪ್ರಶ್ನೆಯಲ್ಲ, ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.

ಇನ್ನು ಓವನ್. ನಿಮ್ಮ ಜೊತೆ ಕೇಕ್ ಕ್ಲಾಸಿಗೆ ಬಂದವರಲ್ಲಿ ಬಿಡದೆ ಮುಂದುವರಿಸಿದವರು ಒಬ್ಬರಾದರೂ ಇರುತ್ತಾರೆ, ಅವರಿಗೆ ಮಾರಿ. ಉಳಿದ ಕಂತು ಎಷ್ಟಿದೆ, ಒಂದೇ ಸಲ ಕಟ್ಟಿ ಮುಗಿಸಿದರೆ ಬಡ್ಡಿ ಎಷ್ಟು ಉಳಿಯುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಅದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಕಟ್ಟಿ ಮಿಕ್ಕಿದ್ದರಲ್ಲಿ ಒಂದು ಸಣ್ಣ ಕಪ್ಪು ಹಲಗೆ, ಒಂದು ಡಬ್ಬಿ ಸೀಮೆಸುಣ್ಣ ತನ್ನಿ. ಹುಣಸೆ ಬೀಜ ಮನೆಯಲ್ಲೇ ಇದೆ.